ಶಾಲೆಗೆ ಕವಿ ಬಂದ ದಿನ

ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಕಳೆದ ನವೆಂಬರಿನಲ್ಲಿ ನಾವು ಮೂವರು ಹೋಗಿದ್ದೆವು. ಇಬ್ಬರು ಕವಿಗಳು, ಒಬ್ಬರು ಕಥೆಗಾರರು. ಮೂವರೂ ಮಕ್ಕಳಿಗಾಗಿ ಬರೆಯುವವರು ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಬೇವಿನ ಮರದ ಪಕ್ಕ ಶಾಮಿಯಾನ ಹಾಕಿದ್ದರು. ಅದರ ನೆರಳಿನಲ್ಲಿ ಒಂದರಿಂದ ಏಳನೆಯ ತರಗತಿಯವರೆಗಿನ ಮಕ್ಕಳೆಲ್ಲ ಸಾಲುಸಾಲಾಗಿ ಕೂತಿದ್ದರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಗಿಡಕ್ಕೆ ನೀರೆರೆದು ಉದ್ಘಾಟನೆ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದು, ಅಡುಗೆ ಕೋಣೆಯಿಂದ ಬಿಸಿಯೂಟದ ಸಾರಿನ ವಾಸನೆ ಬರತೊಡಗಿತ್ತು. ನನ್ನ ಸರದಿ ಬಂದಾಗ ಮಳೆಯ ಮೇಲೆ ಬರೆದ ನನ್ನದೊಂದು ಪದ್ಯವನ್ನು ಹೇಳಿಕೊಟ್ಟೆ. ನಾನೊಂದು ಸಾಲು, ಮಕ್ಕಳೊಂದು ಸಾಲು. ದನಿ ಸಾಲದು ಅನ್ನಿಸಿದಾಗ ‘ಕೇಳಿಸಲಿಲ್ಲ, ಇನ್ನೂ ಜೋರಾಗಿ’ ಅಂದೆ. ಮಕ್ಕಳು ಇನ್ನೂ ಜೋರಾಗಿ ಅಂದರು. ಕಾರ್ಯಕ್ರಮ ಚೆನ್ನಾಯಿತು ಎಂದು ಎಲ್ಲರೂ ಹೇಳಿದರು.

ಊಟಕ್ಕೆ ಏಳುವಾಗ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. ಹಸ್ತಾಕ್ಷರ ಬೇಕೇನೋ ಎಂದುಕೊಂಡು ನಾನು ಪೆನ್ನು ತೆಗೆದೆ. ಅವಳು ಕೇಳಿದ್ದು ಬೇರೆ: ‘ಸಾರ್, ಈ ಪದ್ಯ ಬಾಯಿಪಾಠ ಮಾಡಬೇಕೇನ್ರಿ?’ ಬೇಡಮ್ಮ ಅಂದೆ. ‘ಪರೀಕ್ಷೆಗೆ ಬರಂಗಿಲ್ಲಲ್ರಿ?’ ಇಲ್ಲ ಅಂದೆ. ಅವಳ ಮುಖ ಒಮ್ಮೆಲೆ ಹಗುರಾಯಿತು. ತಟ್ಟೆ ಹಿಡಿದುಕೊಂಡು ಓಡಿಹೋದಳು.

ನನ್ನ ಪದ್ಯಗಳ ಬಗ್ಗೆ ಈವರೆಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ನೇರವಾದದ್ದನ್ನು ನಾನು ಓದಿಲ್ಲ. ಆ ಮಗುವಿಗೆ ನನ್ನ ಪದ್ಯ ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇರಲಿಲ್ಲ. ಅದು ಹೊರೆಯೋ ಅಲ್ಲವೋ ಎಂಬುದಷ್ಟೇ ಇತ್ತು. ಪದ್ಯವೆಂದರೆ ಯಾರೋ ಹೇಳಿಕೊಡುವುದು, ನಾವು ಗಟ್ಟಿಯಾಗಿ ಒಪ್ಪಿಸುವುದು, ಆಮೇಲೆ ಯಾರೋ ಅಂಕ ಕೊಡುವುದು ಎಂದು ಅವಳಿಗೆ ಗೊತ್ತಿತ್ತು. ಒಂದೂವರೆ ಗಂಟೆಯ ನಮ್ಮ ಕಾರ್ಯಕ್ರಮ ಆ ತಿಳಿವಳಿಕೆಯನ್ನು ಬದಲಿಸುವ ಬದಲು ಮೈಕು ಹಿಡಿದು ದೃಢಪಡಿಸಿತ್ತು. ಸಾಹಿತಿಗಳು ಶಾಲೆಗೆ ಹೋಗುವ ಈ ಪದ್ಧತಿಯನ್ನು, ಅಲ್ಲಿ ನಾವು ಹಾಡುವ ಪದ್ಯಗಳನ್ನು, ಒಂದು ಸಾಹಿತ್ಯ ಪ್ರಕಾರವನ್ನು ನೋಡುವ ಹಾಗೆ ನೋಡಬೇಕು ಎಂದು ನನಗೆ ಅನ್ನಿಸಿದ್ದು ಅಂದಿನಿಂದ.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಕನ್ನಡದಲ್ಲಿ ಮಕ್ಕಳ ಕವಿ ಶಾಲೆಗೆ ಅತಿಥಿಯಾಗಿ ಬಂದವನಲ್ಲ, ಅಲ್ಲೇ ಇದ್ದವನು. ಹೊಸಗನ್ನಡದ ಮಕ್ಕಳ ಸಾಹಿತ್ಯಕ್ಕೆ ಅಡಿಪಾಯ ಹಾಕಿದ ಪಂಜೆ ಮಂಗೇಶರಾಯರು (1874–1937) ಶಿಕ್ಷಣ ಇಲಾಖೆಯ ಮನುಷ್ಯ. ಪಾಠ ಹೇಳಿದರು, ಶಾಲೆಗಳ ತಪಾಸಣೆಗೆ ಓಡಾಡಿದರು, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ‘ಕವಿಶಿಷ್ಯ’ ಎಂಬ ಹೆಸರಿಟ್ಟುಕೊಂಡು ಮಕ್ಕಳಿಗಾಗಿ ಬರೆದ ಅವರನ್ನು 1934ರಲ್ಲಿ ನಮ್ಮ ಪಕ್ಕದ ರಾಯಚೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಲಾಗಿತ್ತು. ಜಿ.ಪಿ. ರಾಜರತ್ನಂ ಎಂ.ಎ. ಮುಗಿಸಿದ ಮೇಲೆ ಕೆಲಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವರು. ‘ತುತ್ತೂರಿ’ಯ ಪದ್ಯಗಳು ಆ ತರಗತಿಯ ಫಲ. ನಮ್ಮ ಕಾಲಕ್ಕೆ ಬಂದರೆ ಕಂಚ್ಯಾಣಿ ಶರಣಪ್ಪ, ತಮ್ಮಣ್ಣ ಬೀಗಾರ, ಹೀಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದವರಲ್ಲೇ ಹಲವರು ಪ್ರಾಥಮಿಕ ಶಾಲೆಯ ಮೇಷ್ಟರುಗಳು. ಸೀಮೆಸುಣ್ಣ ಹಿಡಿದ ಕೈಯೇ ನಮ್ಮಲ್ಲಿ ಪದ್ಯವನ್ನೂ ಬರೆದಿದೆ.

ಇದರಿಂದ ನಮಗೆ ಸಿಕ್ಕ ಲಾಭ ದೊಡ್ಡದು. ಐವತ್ತು ಮಕ್ಕಳ ಬಾಯಲ್ಲಿ ಒಂದು ಸಾಲು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಯಾವ ಒತ್ತಕ್ಷರಕ್ಕೆ ನಾಲಿಗೆ ತೊಡರುತ್ತದೆ, ಎಷ್ಟು ಸಾಲಿಗೆ ಗಮನ ಕಿಟಕಿಯ ಆಚೆ ಹೋಗುತ್ತದೆ ಎಂಬುದು ದಿನವೂ ತರಗತಿಯಲ್ಲಿ ನಿಂತವನಿಗೆ ಗೊತ್ತು. ತುತ್ತೂರಿ ಕೊಂಡ ಹುಡುಗನ ಪದ್ಯವನ್ನೇ ನೋಡಿ. ಸಾಲುಗಳು ಗಿಡ್ಡ, ಪ್ರಾಸ ಖಚಿತ, ಕೈಗೆ ಸಿಗುವ ಒಂದು ವಸ್ತು, ಬೀದಿಯಲ್ಲಿ ಮೆರೆಯುವ ಒಬ್ಬ ಹುಡುಗ, ಆಮೇಲೆ ಒಂದು ಜಾರಿಕೆ. ತುತ್ತೂರಿಯ ದನಿ ಹೋಗುತ್ತದೆ. ಜಂಬ ಕೂಡದು ಎಂಬ ನೀತಿ ಅದರಲ್ಲಿ ಇಲ್ಲದಿಲ್ಲ, ಆದರೆ ಅದು ಉಪದೇಶವಾಗಿ ಬರುವ ಮೊದಲೇ ನಗುವಾಗಿ ಬಂದುಬಿಟ್ಟಿರುತ್ತದೆ. ಬಿದ್ದವನನ್ನು ನೋಡಿ ನಗುವ ಮಗುವೂ ನಾಳೆ ತಾನೇ ಬೀಳಬಹುದಾದ ಮಗು. ಈ ಪದ್ಯ ಇಷ್ಟು ಕಾಲ ಉಳಿದದ್ದಕ್ಕೆ ಪಠ್ಯಪುಸ್ತಕ ಒಂದೇ ಕಾರಣವಲ್ಲ.

ನಷ್ಟವೂ ಇದೆ. ಮೇಷ್ಟರು ಬರೆದ ಪದ್ಯದಲ್ಲಿ ಮೇಷ್ಟರ ದನಿ ಉಳಿದುಬಿಡುತ್ತದೆ. ರಾಜರತ್ನಂ ಮಟ್ಟದ ಕವಿಗೆ ಆ ದನಿಯನ್ನು ನಗಿಸಲು ಗೊತ್ತಿತ್ತು. ಅವರ ಹಿಂದೆ ಬಂದ ನಮ್ಮಂಥವರ ಕೈಯಲ್ಲಿ ಅದು ‘ಬೇಗ ಏಳಬೇಕು, ಹಲ್ಲು ಉಜ್ಜಬೇಕು, ಗಿಡ ನೆಡಬೇಕು, ಗುರುಹಿರಿಯರಿಗೆ ನಮಿಸಬೇಕು’ ಎಂಬ ‘ಬೇಕು’ಗಳ ಪಟ್ಟಿಯಾಗಿದೆ. ಈಚೆಗೆ ಅದಕ್ಕೆ ಪ್ಲಾಸ್ಟಿಕ್ ಬಿಡಬೇಕು, ಮೊಬೈಲ್ ಬಿಡಬೇಕು ಎಂಬ ಎರಡು ಸಾಲು ಸೇರಿವೆ. ನನ್ನ ಎರಡು ಸಂಕಲನಗಳನ್ನು ಮನೆಗೆ ಬಂದು ತೆರೆದು ಎಣಿಸಿದೆ: ಮೂರರಲ್ಲಿ ಒಂದು ಪದ್ಯ ಹೀಗೆ ಆಜ್ಞೆಯಲ್ಲಿ ಮುಗಿಯುತ್ತದೆ. ಮಗು ಅಂಕದ ಬಗ್ಗೆ ಕೇಳಿದ್ದರಲ್ಲಿ ಆಶ್ಚರ್ಯವೇನಿದೆ?

ರಾಜರತ್ನಂ ಅವರ ಬಗ್ಗೆಯೇ ಇನ್ನೊಂದು ಅನುಮಾನ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಯೆಂಡ್ಕುಡ್ಕ ರತ್ನನಿಗೆ ಅವನ ನಾಲಿಗೆಯನ್ನೇ ಕೊಟ್ಟ ಕವಿ ಅವರು. ಕುಡುಕನೊಬ್ಬ ತನ್ನ ಮಾತಿನಲ್ಲೇ, ತನ್ನ ಉಚ್ಚಾರದಲ್ಲೇ ಕನ್ನಡ ಕಾವ್ಯದೊಳಗೆ ಬಂದು ಕೂರಬಹುದು ಎಂದು ತೋರಿಸಿದವರು. ಅದೇ ಕವಿ ಮಗುವಿಗೆ ಬರೆಯುವಾಗ ತಿದ್ದಿದ ಕನ್ನಡವನ್ನೇ ಹಿಡಿದರು. ಇದು ದೂರು ಅಲ್ಲ, ಮಗುವಿಗೆ ಸ್ಪಷ್ಟವಾದ ಕನ್ನಡ ಕಲಿಸುವುದು ಅಂದಿನ ತರಗತಿಯ ತುರ್ತಾಗಿತ್ತು. ಆದರೆ ಅವರು ತೆರೆದ ಎರಡು ಬಾಗಿಲುಗಳಲ್ಲಿ ಒಂದರಿಂದ ಮಾತ್ರ ನಮ್ಮ ಮಕ್ಕಳ ಕಾವ್ಯ ಹಾದುಬಂತು. ರತ್ನನ ಬಾಗಿಲಿನಿಂದ ಮಕ್ಕಳು ಬರಲಿಲ್ಲ. ಬಳ್ಳಾರಿ ಸೀಮೆಯ ಮಗು ಮನೆಯಲ್ಲಿ ‘ಬರಾಕತ್ತೈತಿ’ ಅನ್ನುವ ಮಳೆ ನನ್ನ ಪದ್ಯದಲ್ಲಿ ‘ಬರುತಿದೆ’ ಎಂದು ಸುರಿಯುತ್ತದೆ. ಸುರಿಯುವುದೂ ಎಲ್ಲಿ? ಅಡಿಕೆ ತೋಟದ ಮೇಲೆ, ಹೆಂಚಿನ ಮಾಡಿನ ಮೇಲೆ. ನಾನು ಹುಟ್ಟಿ ಬೆಳೆದದ್ದು ಈ ಒಣಸೀಮೆಯಲ್ಲೇ. ಆದರೂ ಮಕ್ಕಳ ಪದ್ಯದ ಮಳೆ ಮಲೆನಾಡಿನದೇ ಆಗಿರಬೇಕು ಎಂದು ಯಾರೂ ಹೇಳದೆಯೇ ನಾನು ನಂಬಿಕೊಂಡಿದ್ದೆ.

ಇದಕ್ಕೆ ಎದುರಾಗಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಇಟ್ಟು ನೋಡಬಹುದು. ಮೂಲ, ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಪದ್ಯ. ಜರ್ಮನಿಯ ಒಂದು ಪಟ್ಟಣದಲ್ಲಿ, ವೇಸರ್ ನದಿಯ ದಡದಲ್ಲಿ ನಡೆಯುವ ಕಥೆ. ಕುವೆಂಪು ಅದನ್ನು ಎತ್ತಿ ತುಂಗೆಯ ತೀರಕ್ಕೆ ತಂದರು. ಊರಿನ ಹೆಸರು ಬದಲಿಸಿ ಸುಮ್ಮನಾಗಲಿಲ್ಲ. ಇಲಿಗಳು, ಗೌಡ, ಜೋಗಿ, ಜನರ ಗದ್ದಲ ಎಲ್ಲವೂ ಮಲೆನಾಡಿನವಾದವು. ತನ್ನ ಕಾಲಡಿಯ ನೆಲವೇ ಕಥೆಗೆ ಸಾಕು ಎಂಬ ಧೈರ್ಯ ಅದರಲ್ಲಿದೆ. ಅದೇ ತುಂಗೆ ಭದ್ರೆಯನ್ನು ಕೂಡಿಕೊಂಡು ಹೊಸಪೇಟೆಯ ಅಣೆಕಟ್ಟಿಗೆ ಬಂದು ನಿಲ್ಲುತ್ತಾಳೆ. ನಾವು ಇಲ್ಲಿನ ಕವಿಗಳು ಕುವೆಂಪು ಅವರಿಂದ ತುಂಗೆಯ ನೀರನ್ನಷ್ಟೇ ಪಡೆದೆವು, ಧೈರ್ಯವನ್ನು ಪಡೆಯಲಿಲ್ಲ.

ಬ್ರೌನಿಂಗ್ ಆ ಪದ್ಯ ಬರೆದದ್ದು ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗನನ್ನು ಖುಷಿಪಡಿಸಲು. ಒಬ್ಬ ಹುಡುಗನಿಗೆ. ಕಥೆಯ ಕೊನೆಯಲ್ಲಿ ಊರಿನ ಮಕ್ಕಳೆಲ್ಲ ಕೊಳಲಿನ ಹಿಂದೆ ಕುಣಿಯುತ್ತ ಬೆಟ್ಟದೊಳಗೆ ಹೋದಾಗ, ಕಾಲು ಸರಿಯಿಲ್ಲದ ಒಬ್ಬ ಹುಡುಗ ಹಿಂದೆ ಉಳಿಯುತ್ತಾನೆ. ಶಾಮಿಯಾನದ ಕೆಳಗೆ ನಾವು ಹಾಡುವಾಗಲೂ ಹೀಗೇ ಆಗುತ್ತದೆ. ಮುನ್ನೂರು ಮಕ್ಕಳು ದನಿಗೂಡಿಸುತ್ತಾರೆ, ಹಿಂದಿನ ಸಾಲಿನಲ್ಲಿ ಕೆಲವರು ಬಾಯಿ ಆಡಿಸುತ್ತಾರೆ ಅಷ್ಟೆ. ಅವರು ಯಾರು ಎಂದು ಮೇಲೆ ಕೂತ ನಮಗೆ ಕಾಣುವುದಿಲ್ಲ. ಅಂದು ಶಿಕ್ಷಕಿಯೊಬ್ಬರನ್ನು ಕೇಳಿದೆ. ಒಂದಿಬ್ಬರು ತಾಂಡಾದವರು, ಮನೆಯಲ್ಲಿ ಲಂಬಾಣಿ ಮಾತು. ಒಬ್ಬನ ಮನೆಮಾತು ಉರ್ದು. ಇನ್ನೊಬ್ಬಳ ಅಪ್ಪ ಅಮ್ಮ ಆಂಧ್ರದ ಕಡೆಯಿಂದ ಕೆಲಸಕ್ಕೆ ಬಂದವರು, ಅವಳದು ತೆಲುಗು. ಇಷ್ಟು ಭಾಷೆಗಳು ಒಂದೇ ಜಮಖಾನೆಯ ಮೇಲೆ ಕೂತಿರುವುದು ಈ ಭಾಗದಲ್ಲಿ ಹೊಸತೇನಲ್ಲ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಗೆರೆ ಎಲ್ಲಿ ಎಳೆದರೂ ಗೆರೆಯ ಎರಡೂ ಕಡೆ ಮಕ್ಕಳು ಮೂರು ಮಾತು ಬೆರೆಸಿಯೇ ಆಡುತ್ತಾರೆ.

ಈ ಮಕ್ಕಳ ಸುತ್ತ ಏನಿದೆ? ಅದಿರಿನ ಲಾರಿಗಳಿವೆ, ಅವು ಎಬ್ಬಿಸುವ ಕೆಂಪು ಧೂಳಿದೆ. ಕಂಪ್ಲಿಯ ಕಡೆ ಕಬ್ಬಿನ ಬಂಡಿಗಳು, ಭತ್ತದ ಗದ್ದೆಗಳು, ಹೊಳೆಯ ಮೇಲೆ ತೆಪ್ಪ. ದರೋಜಿಯಲ್ಲಿ ಸಂಜೆ ಬಂಡೆಯ ಮೇಲೆ ಬಂದು ಕೂರುವ ಕರಡಿಗಳು. 1994ರಿಂದ ಅದು ಕರಡಿಧಾಮ. ಮೂವತ್ತಮೂರು ಗೇಟುಗಳ ಅಣೆಕಟ್ಟು. 2024ರ ಆಗಸ್ಟಿನಲ್ಲಿ ಅದರ ಹತ್ತೊಂಬತ್ತನೆಯ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರ ಹಗಲೂ ರಾತ್ರಿ ನೀರು ಹರಿದುಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಕೂರಿಸಿದರು. ಭಯ, ಉಪಾಯ, ಹಟ ಎಲ್ಲ ಇರುವ ಇಂಥ ಕಥೆ ಊರಿನ ಬಾಗಿಲಲ್ಲೇ ನಡೆದಿತ್ತು. ಅಂದು ಶಾಲೆಗೆ ಹೋದ ನಮ್ಮ ಮೂವರ ಚೀಲದಲ್ಲೂ ಅದು ಇರಲಿಲ್ಲ. ಕಥೆಗಾರ ಗೆಳೆಯರು ಹೇಳಿದ್ದು ಮೊಲ ಮತ್ತು ಆಮೆಯ ಕಥೆಯ ಹೊಸ ಆವೃತ್ತಿ. ಇನ್ನೊಬ್ಬ ಕವಿ ಹಾಡಿದ್ದು ಹಂಪಿಯ ಗತವೈಭವ.

ಹಂಪಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಸೀಮೆಗೆ ಬರುವ ಕವಿಗಳಿಗೆ ಹಂಪಿ ಒಂದು ಅನಿವಾರ್ಯ ಪದ್ಯ. ಮುತ್ತುರತ್ನ ಬೀದಿಯಲ್ಲಿ ಅಳೆದು ಮಾರಿದ್ದು, ಕಲ್ಲು ಹಾಡಿದ್ದು, ಆಮೇಲೆ ನಿಟ್ಟುಸಿರು. ದೊಡ್ಡವರ ಸಮ್ಮೇಳನದಲ್ಲಿ ಅದಕ್ಕೆ ಚಪ್ಪಾಳೆ ಬೀಳುತ್ತದೆ. ಆದರೆ ಹಂಪಿಯ ಸುತ್ತಿನ ಮಗುವಿಗೆ ಕಲ್ಲಿನ ರಥ ಕಳೆದುಹೋದ ಯಾವುದೋ ವೈಭವವಲ್ಲ. ಅದು ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿದೆ; ಅಪ್ಪನ ಆಟೋ ನಿಲ್ಲುವ ಜಾಗದ ಹತ್ತಿರ ಇದೆ; ರವಿವಾರ ಜನ ಬಂದರೆ ಬಾಳೆಹಣ್ಣು ಹೆಚ್ಚು ಮಾರಾಟವಾಗುವ ಲೆಕ್ಕದಲ್ಲಿದೆ. ಮಗುವಿಗೆ ಗೊತ್ತಿರುವ ಈ ಹಂಪಿಯ ಬಗ್ಗೆ ಮಗುವಿಗಾಗಿ ಬರೆಯುವುದು ಗತವೈಭವದ ಪದ್ಯ ಬರೆಯುವುದಕ್ಕಿಂತ ಕಷ್ಟ. ಅದಕ್ಕೆ ಮೊದಲು ಕೇಳಿಸಿಕೊಳ್ಳಬೇಕು.

ಕೇಳಿಸಿಕೊಂಡು, ಕೇಳಿಸುವಂತೆ ಹಾಡಿದ ಒಬ್ಬ ಕವಿ ಇದೇ ಸೀಮೆಯಲ್ಲಿ ಇದ್ದರು. ದರೋಜಿ ಈರಮ್ಮ, ಬುಡ್ಗಜಂಗಮ ಸಮುದಾಯದ ಬುರ್ರಕಥೆಯ ಹಾಡುಗಾರ್ತಿ. ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದು, 2014ರಲ್ಲಿ ತೀರಿಕೊಂಡರು. ಅಕ್ಷರ ಬಾರದ ಈರಮ್ಮ ಗಂಟೆಗಟ್ಟಲೆ ಹಾಡುವ ಕಾವ್ಯಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಕಂಪಿಲಿಯ ಕುಮಾರರಾಮನ ಕಥೆ ಅವುಗಳಲ್ಲಿ ಒಂದು. ಬುರ್ರಕಥೆಯಲ್ಲಿ ಮುಖ್ಯ ಹಾಡುಗಾರರ ಪಕ್ಕದಲ್ಲಿ ದಿಮ್ಮಿ ಬಾರಿಸುವ ಜೊತೆಗಾರರಿರುತ್ತಾರೆ. ಅವರ ಕೆಲಸ ತಾಳ ಹಾಕುವುದಷ್ಟೇ ಅಲ್ಲ. ನಡುನಡುವೆ ಹೂಂಗುಟ್ಟಬೇಕು, ಪ್ರಶ್ನೆ ಕೇಳಬೇಕು, ಆಶ್ಚರ್ಯಪಡಬೇಕು, ನಗಿಸಬೇಕು. ಕೇಳುವವರ ಪರವಾಗಿ ಒಬ್ಬರು ವೇದಿಕೆಯ ಮೇಲೆಯೇ ಇರುತ್ತಾರೆ ಎಂದು ಹೇಳಬಹುದು.

ನಮ್ಮ ‘ಕೇಳಿಸಲಿಲ್ಲ, ಇನ್ನೂ ಜೋರಾಗಿ’ ಎಂಬ ವಿಧಾನವನ್ನು ಇದರ ಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲಿ ಮಕ್ಕಳು ನಮ್ಮ ಸಾಲನ್ನು ನಮಗೇ ಹಿಂದಿರುಗಿಸುತ್ತಾರೆ. ಬುರ್ರಕಥೆಯಲ್ಲಿ ಜೊತೆಗಾರ ತನ್ನ ಮಾತು ಸೇರಿಸುತ್ತಾನೆ, ಕಥೆ ಮುಂದೆ ಹೋಗುವುದೇ ಆ ಮಾತಿನಿಂದ. ಇನ್ನೂ ಒಂದು ಸಂಗತಿ ಇದೆ. ಮನೆಯಲ್ಲಿ ತೆಲುಗು ಆಡುವ ಸಮುದಾಯದ ಹೆಣ್ಣುಮಗಳು ಕನ್ನಡದಲ್ಲಿ ಮಹಾಕಾವ್ಯ ಹಾಡಿದಳು ಎಂಬುದು. ಹಿಂದಿನ ಸಾಲಿನಲ್ಲಿ ಬಾಯಿ ಮಾತ್ರ ಆಡಿಸುವ ಮಗುವಿನ ಎರಡು ಭಾಷೆಗಳನ್ನು ನಾವು ಕೊರತೆ ಎಂದು ಎಣಿಸುತ್ತೇವೆ. ಈರಮ್ಮನಿಗೆ ಅದು ಕೊರತೆಯಾಗಿರಲಿಲ್ಲ.

ಇಷ್ಟು ಹೇಳಿ, ಜನಪದರೇ ನಿಜವಾದ ಮಕ್ಕಳ ಕವಿಗಳು ಎಂದು ಮುಗಿಸಿಬಿಡುವುದು ಸುಲಭ. ಅದು ಸುಳ್ಳಾಗುತ್ತದೆ. ಕುಮಾರರಾಮನ ಕಥೆ ಮಲತಾಯಿಯ ಮೋಹ, ಸುಳ್ಳು ಆಪಾದನೆ, ತಲೆ ಕಡಿಯುವ ಆಜ್ಞೆ ಇರುವ ಕಥೆ. ರಾತ್ರಿಯಿಡೀ ಕೂತು ಕೇಳುವ ದೊಡ್ಡವರಿಗಾಗಿ ಬೆಳೆದದ್ದು. ಅಲೆದು ಹಾಡಿ ಬೇಡಿ ಬದುಕಿದ ಆ ಜೀವನದಲ್ಲಿ ನಾವು ಆಸೆಪಡಬೇಕಾದದ್ದು ಏನೂ ಇಲ್ಲ. ಅದನ್ನು ಹಾಗೆಯೇ ತಂದು ಮೂರನೆಯ ತರಗತಿಯ ಮುಂದೆ ಇಡಲಾಗದು. ತರಬಹುದಾದದ್ದು ಆ ವಿಧಾನವನ್ನು: ಕೇಳುವವರಿಗೂ ಕಥೆಯಲ್ಲಿ ಒಂದು ಮಾತು ಇರಬೇಕು ಎಂಬುದನ್ನು.

ಇದನ್ನು ತರಗತಿಯಲ್ಲಿ ಮಾಡಿ ನೋಡಿದ ಒಬ್ಬ ಕವಿಯ ನೆನಪು ನನಗೆ ಆಗ ಬಂತು. ಅಮೆರಿಕದ ಕೆನೆತ್ ಕಾಕ್ 1968ರಲ್ಲಿ ನ್ಯೂಯಾರ್ಕಿನ ಪಿ.ಎಸ್. 61 ಎಂಬ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗತೊಡಗಿದ. ಒಂದು ದಿನದ ಅತಿಥಿಯಾಗಿ ಅಲ್ಲ, ಮತ್ತೆ ಮತ್ತೆ. ಮಕ್ಕಳಿಗೆ ತನ್ನ ಪದ್ಯ ಹೇಳಿಕೊಡಲಿಲ್ಲ. ಪ್ರತಿ ಸಾಲೂ ‘ನನಗೆ ಆಸೆ’ ಎಂಬಂಥ ಮಾತಿನಿಂದ ಶುರುವಾಗಲಿ ಎಂದು ಒಂದು ಸರಳ ಕಟ್ಟು ಕೊಟ್ಟ. ಪ್ರಾಸ ಬೇಡ ಎಂದ. ಪ್ರಾಸ ಹುಡುಕುವ ಗಡಿಬಿಡಿಯಲ್ಲಿ ಮಗು ತಾನು ಹೇಳಬೇಕಾದದ್ದನ್ನು ಬಿಟ್ಟು ಬೇರೇನೋ ಹೇಳುತ್ತದೆ ಎಂಬುದು ಅವನ ಅನುಭವ. ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ತಮ್ಮ ಶಬ್ದಗಳನ್ನು ಪದ್ಯದೊಳಗೆ ತರಲು ಪ್ರೋತ್ಸಾಹಿಸಿದ. ಆ ಅನುಭವವನ್ನು 1970ರಲ್ಲಿ ‘ವಿಷಸ್, ಲೈಸ್ ಅಂಡ್ ಡ್ರೀಮ್ಸ್’ ಎಂಬ ಪುಸ್ತಕವಾಗಿ ಪ್ರಕಟಿಸಿದ. ಪ್ರಾಸ ಬೇಡ ಎಂಬ ಅವನ ಮಾತು ಕನ್ನಡಕ್ಕೆ ಪೂರ್ತಿ ಒಪ್ಪುತ್ತದೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಮಕ್ಕಳು ಆಟದಲ್ಲೇ ಪ್ರಾಸ ಕಟ್ಟುತ್ತಾರೆ, ಅದು ಅವರ ರಕ್ತದಲ್ಲಿದೆ. ಆದರೆ ಮತ್ತೆ ಮತ್ತೆ ಹೋಗುವುದು, ಕಟ್ಟು ಕೊಟ್ಟು ಮಾತು ಬಿಡುವುದು, ಈ ಎರಡು ಎಲ್ಲಿಯಾದರೂ ನಡೆಯುತ್ತವೆ.

ಡಿಸೆಂಬರಿನ ಒಂದು ಶನಿವಾರ ಮುಖ್ಯ ಗುರುಗಳ ಒಪ್ಪಿಗೆ ಪಡೆದು ಅದೇ ಶಾಲೆಗೆ ಒಬ್ಬನೇ ಹೋದೆ. ಮೈಕಿಲ್ಲ, ಶಾಲಿಲ್ಲ. ನಾಲ್ಕನೆಯ ತರಗತಿಯ ಇಪ್ಪತ್ತೆರಡು ಮಕ್ಕಳು, ಅವರ ಟೀಚರ್, ನಾನು. ‘ಹಿಂಗಾದ್ರ ಏನಾಗ್ತೈತಿ’ ಎಂಬುದನ್ನೇ ಕಟ್ಟಾಗಿ ಕೊಟ್ಟೆ. ಏನಾದರೂ ಒಂದು ಆಗಬೇಕು, ಅದರಿಂದ ನಿಮ್ಮ ಮನೆಯಲ್ಲಿ ಏನಾಗುತ್ತದೆ ಹೇಳಿ ಎಂದೆ. ನಿಜ ಹೇಳಬೇಕೆಂದರೆ ಮೊದಲ ಅರ್ಧ ಗಂಟೆ ಪೂರ್ತಿ ಸೋಲು. ‘ಗಿಡ ನೆಟ್ಟರೆ ನಾಡು ಉಳಿಯುತ್ತದೆ’, ‘ಚೆನ್ನಾಗಿ ಓದಿದರೆ ದೊಡ್ಡ ಮನುಷ್ಯನಾಗುತ್ತೇನೆ’, ‘ಕನ್ನಡ ಕಲಿತರೆ ತಾಯಿಗೆ ಸಂತೋಷ’. ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಗೋಡೆಬರಹಗಳನ್ನು ಒಪ್ಪಿಸಿದರು. ಪದ್ಯವೆಂದರೆ ಇದು ಎಂದು ಅವರಿಗೆ ಕಲಿಸಿದವರು ನಾವೇ, ಹಾಗಾಗಿ ಸಿಟ್ಟು ಮಾಡಲು ನನಗೆ ಬಾಯಿರಲಿಲ್ಲ.

ಕೊನೆಗೆ ಒಬ್ಬ ಹುಡುಗ ಕೂತಲ್ಲಿಂದಲೇ ಹೇಳಿದ: ‘ಡ್ಯಾಮಿನ ನೀರು ಬಿಟ್ರ ಕಂಪ್ಲಿ ಸೇತುವಿ ಮುಣಗ್ತೈತಿ, ನಮ್ಮಜ್ಜಿ ಬರಂಗಿಲ್ಲ.’ ಅಜ್ಜಿಯ ಊರು ಹೊಳೆಯಾಚೆ, ಗಂಗಾವತಿ ಕಡೆ. ಹೊಳೆಗೆ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದು ಪತ್ರಿಕೆಯಲ್ಲಿ ಪ್ರತಿ ಮಳೆಗಾಲವೂ ಬರುವ ಸುದ್ದಿ. ಅದು ಅಜ್ಜಿ ಬಾರದಿರುವ ಸುದ್ದಿಯೂ ಹೌದು ಎಂದು ನಾನು ಯೋಚಿಸಿರಲಿಲ್ಲ. ತರಗತಿ ಸ್ವಲ್ಪ ಸಡಿಲವಾಯಿತು. ಆಗ ಗೋಡೆಯ ಪಕ್ಕ ಕೂತಿದ್ದ, ತಾಂಡಾದಿಂದ ಬರುವ ಹುಡುಗಿ ಮೆಲ್ಲಗೆ ಅಂದಳು: ‘ಲಾರಿ ಹೋದ್ರ ನಮ್ಮ ಯಾಡಿ ಬಾಟಿ ಮುಚ್ತಾಳ.’ ಯಾಡಿ ಅಂದರೆ ಅಮ್ಮ, ಬಾಟಿ ಅಂದರೆ ರೊಟ್ಟಿ. ಮಕ್ಕಳು ನಕ್ಕರು. ಅವಳು ತಲೆ ಬಗ್ಗಿಸಿದಳು. ಟೀಚರ್ ನಗಲಿಲ್ಲ. ‘ಇನ್ನೊಮ್ಮೆ ಹೇಳವ್ವ’ ಅಂದರು. ಅವಳು ಇನ್ನೊಮ್ಮೆ ಹೇಳಿದಾಗ ಯಾರೂ ನಗಲಿಲ್ಲ. ಯಾಕೆಂದರೆ ಲಾರಿ ಹೋದಾಗ ಎಲ್ಲರ ಮನೆಯಲ್ಲೂ ಏನನ್ನಾದರೂ ಮುಚ್ಚುತ್ತಾರೆ. ನೀರಿನ ಕೊಡ, ಒಣಹಾಕಿದ ಹಪ್ಪಳ, ತೊಟ್ಟಿಲು. ಒಬ್ಬೊಬ್ಬರೇ ಹೇಳತೊಡಗಿದರು. ಇಷ್ಟು ವರ್ಷ ಅದೇ ತರಗತಿಯಲ್ಲಿದ್ದರೂ ‘ಯಾಡಿ’ ಎಂಬ ಶಬ್ದ ತನಗೆ ಗೊತ್ತಿರಲಿಲ್ಲ ಎಂದು ಟೀಚರ್ ಆಮೇಲೆ ನನಗೆ ಹೇಳಿದರು.

ವಿಮರ್ಶಕನಾಗಿ ಆ ಸಾಲಿನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಇದು ಬರೀ ಮೆಚ್ಚುಗೆಯಾಗುತ್ತದೆ. ಆರು ಶಬ್ದಗಳಲ್ಲಿ ಎರಡು ಲಂಬಾಣಿ, ಒಂದು ಇಂಗ್ಲಿಷ್, ಉಳಿದವು ಬಳ್ಳಾರಿಯ ಕನ್ನಡ. ಧೂಳು ಎಂಬ ಶಬ್ದವೇ ಅದರಲ್ಲಿಲ್ಲ, ಆದರೂ ಧೂಳಲ್ಲದೆ ಬೇರೇನೂ ಇಲ್ಲ. ಗಣಿಗಾರಿಕೆಯ ಬಗ್ಗೆ ದೂರಿಲ್ಲ, ಪರಿಸರದ ಉಪದೇಶವಿಲ್ಲ. ಒಂದು ಕೈ ಒಂದು ತಟ್ಟೆಯನ್ನು ಮುಚ್ಚುತ್ತದೆ, ಅಷ್ಟೆ. ಇದು ಪದ್ಯವೋ ಅಥವಾ ಒಳ್ಳೆಯ ವಾಕ್ಯವೋ ಎಂದು ಯಾರಾದರೂ ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಮಗು ಆಡಿದ್ದೆಲ್ಲ ಕಾವ್ಯ ಎಂಬ ಭಾವುಕತೆ ನನಗೂ ಹಿಡಿಸುವುದಿಲ್ಲ. ಇಪ್ಪತ್ತೆರಡು ಮಕ್ಕಳ ಆ ದಿನದ ಮಾತುಗಳಲ್ಲಿ ನೆನಪಿಡಬೇಕಾದವು ನಾಲ್ಕೋ ಐದೋ. ಆದರೆ ಈ ಸೀಮೆಯ ಮಕ್ಕಳಿಗಾಗಿ ಬರೆಯುವ ಕವಿ ಎಲ್ಲಿಂದ ಶುರುಮಾಡಬೇಕು ಎಂದು ಆ ಸಾಲು ಖಚಿತವಾಗಿ ತೋರಿಸುತ್ತದೆ. ನನ್ನ ಮಳೆಯ ಪದ್ಯವನ್ನು ಅದರ ಪಕ್ಕ ಇಟ್ಟು ಓದಿದೆ. ಅದರಲ್ಲಿ ಲಯವಿದೆ, ಪ್ರಾಸವಿದೆ, ಯಾರ ಮನೆಯೂ ಇಲ್ಲ.

ಹಾಗಾದರೆ ಸಾಹಿತಿಗಳು ಶಾಲೆಗೆ ಹೋಗುವುದೇ ಬೇಡವೇ? ನವೆಂಬರಿನ ಕಾರ್ಯಕ್ರಮದ ಬಗ್ಗೆ ನಾನು ಹೀಗೆ ಮಾತಾಡಿದಾಗ ಹಿರಿಯ ಶಿಕ್ಷಕರೊಬ್ಬರು ತಿರುಗಿ ಹೇಳಿದ ಮಾತು ನನ್ನನ್ನು ತಡೆಯಿತು. ‘ನಮ್ಮ ಹುಡುಗರು ಕವಿಗಳು ಅಂದ್ರ ಎಲ್ಲಾರೂ ಸತ್ತೋಗಿರ್ತಾರ ಅಂತ ತಿಳ್ಕೊಂಡಾರ್ರಿ. ಪುಸ್ತಕದಾಗ ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ಇರ್ತಾವಲ್ಲ. ಜೀವಂತ ಇರೋ ಒಬ್ಬರನ್ನ ನೋಡಿದ್ರಲ್ಲ, ಅದೇ ದೊಡ್ಡದು.’ ಇದು ಸಣ್ಣ ಮಾತಲ್ಲ. ಸಂಡೂರಿನಂಥ ಗಣಿಯ ಊರಿನಲ್ಲಿ ಹುಟ್ಟಿದ ವಸುಧೇಂದ್ರ ಕನ್ನಡದಲ್ಲಿ ಇಷ್ಟು ಓದಿಸಿಕೊಳ್ಳುವ ಲೇಖಕರಾಗಿದ್ದಾರೆ. ಆ ಊರು, ಆ ಮನೆಗಳು, ಆ ಅಮ್ಮಂದಿರು ಅವರ ಬರಹದಲ್ಲಿ ಬಂದಿದ್ದಾರೆ. ನಮ್ಮೂರೂ ಪುಸ್ತಕದಲ್ಲಿ ಬರಬಹುದು ಎಂದು ಮಗುವಿಗೆ ತಿಳಿಯುವುದು ಇಂಥ ಉದಾಹರಣೆಗಳಿಂದ. ಬಳ್ಳಾರಿ ಸೀಮೆಯ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ ಕಥಾಸಂಕಲನಕ್ಕೆ 2025ರ ಬಾಲಸಾಹಿತ್ಯ ಪುರಸ್ಕಾರ ಬಂತು. ದೆಹಲಿಯವರೆಗೆ ಹೋದ ಆ ಪುಸ್ತಕವನ್ನು ನಾನು ಹೋದ ಶಾಲೆಯ ಬೀರುವಿನಲ್ಲಿ ಹುಡುಕಿದೆ. ಇರಲಿಲ್ಲ. ಬೀರುವಿಗೆ ಬೀಗ ಇತ್ತು, ಬೀಗದ ಕೈ ಹುಡುಕಲು ಹತ್ತು ನಿಮಿಷ ಹಿಡಿಯಿತು. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಅವರು.

ಹೀಗಾಗಿ ನನ್ನ ತಕರಾರು ಹೋಗುವುದರ ಬಗ್ಗೆ ಅಲ್ಲ, ಹೋಗಿ ಬಂದುಬಿಡುವುದರ ಬಗ್ಗೆ. ಇಡೀ ಶಾಲೆಯ ಬದಲು ಒಂದು ತರಗತಿ ಸಾಕು. ಹಾರ ತುರಾಯಿಯ ದುಡ್ಡಿಗೆ ನಾಲ್ಕು ಪುಸ್ತಕ ಬರುತ್ತವೆ, ಅವನ್ನು ಬೀಗವಿಲ್ಲದ ಕಡೆ ಇಟ್ಟುಬರಬೇಕು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಶಾಲೆಯಿಂದ ಆ ಗ್ರಂಥಾಲಯದವರೆಗೆ ಮಕ್ಕಳ ಜೊತೆ ನಡೆದುಹೋಗುವುದೂ ಒಂದು ಸಾಹಿತ್ಯ ಕಾರ್ಯಕ್ರಮವೇ. ಎಲ್ಲಕ್ಕಿಂತ ಮುಖ್ಯವಾಗಿ, ಮತ್ತೆ ಹೋಗಬೇಕು. ಪಂಜೆಯವರಿಗೂ ರಾಜರತ್ನಂ ಅವರಿಗೂ ಈ ಮಾತು ಹೇಳಬೇಕಾಗಿರಲಿಲ್ಲ, ಮರುದಿನ ಬೆಳಿಗ್ಗೆ ಅವರು ಅದೇ ಮಕ್ಕಳ ಮುಂದೆ ನಿಲ್ಲಲೇಬೇಕಿತ್ತು. ನಿನ್ನೆ ಹೇಳಿದ ಪದ್ಯ ಇಂದು ಯಾರಿಗೂ ನೆನಪಿಲ್ಲದಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಅತಿಥಿಯಾಗಿ ಹೋದ ನಮಗೆ ಅದು ಎಂದೂ ಗೊತ್ತಾಗುವುದಿಲ್ಲ. ನಮ್ಮ ಮಕ್ಕಳ ಪದ್ಯಗಳು ಕಳಪೆಯಾಗುತ್ತಿರುವುದಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ಅನುಮಾನ.

ಅಂದು ಹೊರಡುವಾಗ ಸೇತುವೆಯ ಹುಡುಗ ಕೇಳಿದ, ‘ಮುಂದಿನ ಶನಿವಾರ ಬರ್ತೀರೇನ್ರಿ ಸಾರ್?’ ಬರುತ್ತೇನೆ ಅಂದೆ. ಆ ಶನಿವಾರ ಹೊಸಪೇಟೆಯಲ್ಲಿ ಒಂದು ಪುಸ್ತಕ ಬಿಡುಗಡೆ ಇತ್ತು, ಹೋಗಲಾಗಲಿಲ್ಲ. ಅದರ ಮುಂದಿನ ಶನಿವಾರ ಹೋದೆ. ಬಾಗಿಲಲ್ಲೇ ಆ ಹುಡುಗಿ, ನನ್ನ ಪದ್ಯ ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದ್ದವಳು, ನನ್ನನ್ನು ನೋಡಿ ಒಳಗೆ ಕೂಗಿ ಹೇಳಿದಳು: ‘ಬಂದ್ರು ಬಂದ್ರು, ಬಾಯಿಪಾಠ ಇಲ್ಲದ ಸಾರು ಬಂದ್ರು.’